‘ನಮ್ಮ ಕೈಲೇನಿಲ್ಲ’ ಅಂದರೆ ಮುಂದೇನು? ಬಿಲ್ಲಿನಿಂದ ಗ್ರಾಹಕರ ಆಯೋಗದವರೆಗೆ

“ಹೊಸ ಫ್ರಿಜ್ ತಿಂಗಳಿಗೇ ಕೆಟ್ಟಿದೆ. ಅಂಗಡಿಯವರು ಕಂಪನಿಗೆ ಫೋನ್ ಮಾಡಿ ಅಂತಾರೆ, ಕಂಪನಿಯವರು ಅಂಗಡಿಗೆ ಹೋಗಿ ಅಂತಾರೆ. ಏನ್ಮಾಡೋದು?”

ಓದುಗರಿಂದ ಬರುವ ಪತ್ರಗಳಲ್ಲಿ ಈ ಪ್ರಶ್ನೆ ನಿಂತದ್ದೇ ಇಲ್ಲ. ಫ್ರಿಜ್ ಬದಲು ಒಮ್ಮೆ ಸೋಫಾ ಇರುತ್ತದೆ, ಒಮ್ಮೆ ಮೊಬೈಲು, ಒಮ್ಮೆ ಕೋಚಿಂಗ್ ಕ್ಲಾಸಿನ ಫೀಸು, ಇನ್ನೊಮ್ಮೆ ಕಲ್ಯಾಣ ಮಂಟಪಕ್ಕೆ ಕೊಟ್ಟ ಅಡ್ವಾನ್ಸು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಡೀ ದಾರಿಯನ್ನು ಒಂದೇ ಕಡೆ ಬರೆದಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಜಗಳಗಳಲ್ಲಿ ನ್ಯಾಯ ನಮ್ಮ ಕಡೆ ಇದ್ದೂ ಸೋಲುವುದು ಹೆಚ್ಚಾಗಿ ಕಾಗದ ಇಲ್ಲದೆ. ಕೊಂಡ ದಿನ ಕೌಂಟರಿನಲ್ಲಿ ಎರಡು ನಿಮಿಷ ಸಂಕೋಚ ಬಿಟ್ಟಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತಿತ್ತು. ಹಾಗಾಗಿ ಇದು ದೂರು ಕೊಡುವ ಮಾರ್ಗದರ್ಶಿ ಆದರೂ ಶುರುವಾಗುವುದು ಬಿಲ್ಲಿನಿಂದ. ಅಂಗಡಿ ನಡೆಸುವವರಿಗೂ ನಡುವೆ ಒಂದು ಭಾಗ ಇದೆ, ದಯವಿಟ್ಟು ಹಾರಿಸಬೇಡಿ.

ಇದು ಗ್ರಾಹಕರ ಆಯೋಗಕ್ಕೆ ಹೋಗುವ ವಿಷಯವೇ?

ಗ್ರಾಹಕರ ಆಯೋಗ ಅಂದರೆ ಜನ ‘ಕನ್ಸ್ಯೂಮರ್ ಕೋರ್ಟ್’ ಎನ್ನುವುದೇ. ದುಡ್ಡು ಕೊಟ್ಟು ಸರಕು ಅಥವಾ ಸೇವೆ ಪಡೆದವರೆಲ್ಲ ಗ್ರಾಹಕರೇ. ಅಡ್ವಾನ್ಸ್ ಮಾತ್ರ ಕೊಟ್ಟಿದ್ದರೂ ಸರಿ, ಕಂತಿನಲ್ಲಿ ಕೊಂಡಿದ್ದರೂ ಸರಿ. ಮರುಮಾರಾಟಕ್ಕೆ ಅಥವಾ ವ್ಯಾಪಾರದ ಉದ್ದೇಶಕ್ಕೆ ಕೊಂಡಿದ್ದರೆ ಮಾತ್ರ ಗ್ರಾಹಕ ಅನ್ನಿಸಿಕೊಳ್ಳುವುದಿಲ್ಲ. ಇದಕ್ಕೂ ಒಂದು ವಿನಾಯಿತಿ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡಿದ್ದರೆ, ಉದಾಹರಣೆಗೆ ಮನೆಯಲ್ಲಿ ಬಟ್ಟೆ ಹೊಲಿಯುವವರು ಕೊಂಡ ಹೊಲಿಗೆ ಯಂತ್ರ, ಅದಕ್ಕೆ ರಕ್ಷಣೆ ಇದೆ.

ದುಡ್ಡು ಪಡೆಯುವ ಆಸ್ಪತ್ರೆ, ವೈದ್ಯರ ಸೇವೆ ಗ್ರಾಹಕರ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ವಕೀಲರ ಸೇವೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಹೇಳಿತು.

ಕೆಲವಕ್ಕೆ ಮೊದಲು ಬೇರೆ ಬಾಗಿಲು ತಟ್ಟುವುದು ಒಳ್ಳೆಯದು. ಆನ್‌ಲೈನ್ ವಂಚನೆಯಲ್ಲಿ ದುಡ್ಡು ಹೋಗಿದ್ದರೆ ಈ ಲೇಖನ ಪಕ್ಕಕ್ಕಿಟ್ಟು ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿನ ವಿಷಯವಾದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ಬಗೆಹರಿಸುವ ಅಧಿಕಾರಿಗೆ, ಹೋಗಬಹುದು. ವಿಮೆಗೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ.

ಈಗ ಹಂತಗಳಿಗೆ ಬರೋಣ.

ಹಂತ 1: ಬಿಲ್ ಕೇಳಿ, ಅದು ಯಾವ ಬಿಲ್ ಅಂತ ನೋಡಿ

ಕೌಂಟರಿನಲ್ಲಿ ನಡೆಯುವ ಮಾತುಕತೆ ನಿಮಗೆ ಗೊತ್ತೇ ಇದೆ.

“ಅಣ್ಣ, ಬಿಲ್ ಹಾಕಿ.”

“ಬಿಲ್ ಬೇಕು ಅಂದ್ರೆ ಜಿಎಸ್‌ಟಿ ಸೇರುತ್ತೆ ಮೇಡಂ. ಹೀಗೇ ತಗೊಂಡೋದ್ರೆ ನಿಮಗೇ ಉಳಿತಾಯ. ಏನಾದ್ರೂ ಆದ್ರೆ ನಾವಿಲ್ವಾ?”

ಆಮೇಲೆ ಕೈಗೆ ಬರುವುದು ‘ಎಸ್ಟಿಮೇಟ್’ ಎಂದು ಅಚ್ಚಾದ ಒಂದು ಚೀಟಿ. ಅದರಲ್ಲಿ ಅಂಗಡಿಯ ಹೆಸರೂ ಇರುವುದಿಲ್ಲ, ಸಹಿಯೂ ಇರುವುದಿಲ್ಲ. ಹಾರ್ಡ್‌ವೇರ್, ಟೈಲ್ಸ್, ಪೀಠೋಪಕರಣ, ಚಿನ್ನ ಈ ನಾಲ್ಕು ಕಡೆ ಇದು ಜಾಸ್ತಿ. ಮುಂದೆ ತಕರಾರು ಬಂದರೆ “ಇದು ನಮ್ಮ ಅಂಗಡಿಯದ್ದಲ್ಲ” ಎಂದು ಕೈ ತೊಳೆದುಕೊಳ್ಳುವುದು ಎಷ್ಟು ಹೊತ್ತಿನ ಕೆಲಸ? ನಿಮಗೆ ಉಳಿದ ತೆರಿಗೆಯ ದುಡ್ಡಿಗಿಂತ ಆಗ ಹೋಗುವ ದುಡ್ಡು ಜಾಸ್ತಿ.

ಪಕ್ಕಾ ಬಿಲ್‌ನಲ್ಲಿ ಅಂಗಡಿಯ ಹೆಸರು, ವಿಳಾಸ, ಬಿಲ್ ಸಂಖ್ಯೆ, ದಿನಾಂಕ, ವಸ್ತುವಿನ ಹೆಸರು, ಬೆಲೆ ಇರುತ್ತವೆ. ತೆರಿಗೆ ವಸೂಲಿ ಮಾಡಿದ್ದರೆ 15 ಅಕ್ಷರ–ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಕರ್ನಾಟಕದ ಸಂಖ್ಯೆಯಾದರೆ ಅದು 29ರಿಂದ ಶುರುವಾಗುತ್ತದೆ. ಅನುಮಾನ ಬಂದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಿ, ಲಾಗಿನ್ ಬೇಕಿಲ್ಲ. ‘ಬಿಲ್ ಆಫ್ ಸಪ್ಲೈ’ ಎಂದು ಬರೆದು ಕಾಂಪೊಸಿಷನ್ ಯೋಜನೆಯ ವ್ಯಾಪಾರಿ ಎಂದಿದ್ದರೆ, ಅಂದರೆ ವಹಿವಾಟಿನ ಮೇಲೆ ಒಂದು ಸಣ್ಣ ದರದಲ್ಲಿ ತಾವೇ ತೆರಿಗೆ ಕಟ್ಟುವವರಾದರೆ, ಅವರು ನಿಮ್ಮಿಂದ ಬೇರೆಯಾಗಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಮಾಡಿದ್ದರೆ ಅಲ್ಲೇ ಕೇಳಿ.

ಇಲ್ಲಿ ಒಂದು ತಪ್ಪು ಕಲ್ಪನೆ ಬೇಡ. ಜಿಎಸ್‌ಟಿ ಸಂಖ್ಯೆ ಇಲ್ಲದ ಅಂಗಡಿಯೆಲ್ಲ ಮೋಸದ್ದಲ್ಲ. ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿತ್ತು, ನೆನಪಿದೆಯಲ್ವಾ? ಅವರ ಗಾಬರಿ ಅರ್ಥವಾಗುವಂಥದ್ದೇ. ಆದರೂ ಕೇಳಿದಾಗ ಹೆಸರು, ದಿನಾಂಕ, ಮೊತ್ತ ಬರೆದ ರಸೀದಿ ಕೊಡುವುದಕ್ಕೂ ತೆರಿಗೆ ನೋಂದಣಿಗೂ ಸಂಬಂಧ ಇಲ್ಲ. ಬಿಲ್ ಕೊಡದಿರುವುದನ್ನೇ ಗ್ರಾಹಕರ ಸಂರಕ್ಷಣಾ ಕಾಯ್ದೆ 2019 ‘ಅನುಚಿತ ವ್ಯಾಪಾರ ಪದ್ಧತಿ’ಗಳ ಪಟ್ಟಿಗೆ ಸೇರಿಸಿದೆ.

ಬಿಲ್ ಕೈಗೆ ಬಂದ ಮೇಲೆ ಎಡವುವುದು ಮೂರು ಕಡೆ.

* ಬಿಲ್ಲಿನ ಸೀರಿಯಲ್ ನಂಬರ್‌ಗೂ ಯಂತ್ರದ ಮೇಲಿನ ನಂಬರ್‌ಗೂ ತಾಳೆ ಇರುವುದಿಲ್ಲ. ಮೊಬೈಲ್ ಆದರೆ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಐಎಂಇಐ ಸಂಖ್ಯೆ ಬರುತ್ತದೆ. ಅಂಗಡಿಯಲ್ಲೇ ಹೋಲಿಸಿ ನೋಡಿ.
* ಈಗಿನ ಬಿಲ್ಲುಗಳು ಹೆಚ್ಚಿನವು ಥರ್ಮಲ್ ಕಾಗದದಲ್ಲಿ ಬರುತ್ತವೆ. ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆ ಉಳಿಯುತ್ತದೆ. ಅವತ್ತೇ ಫೋಟೊ ತೆಗೆದು, ಒಂದು ಜೆರಾಕ್ಸ್ ಮಾಡಿಸಿ ಇಡಿ.
* ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ದಿನಾಂಕ ಹಾಕಿಸಿಕೊಳ್ಳುವುದು ಮರೆತುಹೋಗುತ್ತದೆ.

ಯುಪಿಐ ಸ್ಕ್ರೀನ್‌ಶಾಟ್ ಸಾಲದಾ ಎಂದು ಬಹಳ ಜನ ಕೇಳುತ್ತಾರೆ. ದುಡ್ಡು ಹೋಗಿದ್ದಕ್ಕೆ ಅದು ಪುರಾವೆ, ಏನು ಕೊಂಡಿರಿ ಎನ್ನುವುದಕ್ಕೆ ಅಲ್ಲ. ಬೇರೇನೂ ಇಲ್ಲದಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ, ಅಳಿಸಬೇಡಿ.

ಹಂತ 2: ಡಬ್ಬಿ, ತಕ್ಕಡಿ, ಮುದ್ರೆ ನೋಡಿ

ಪ್ಯಾಕ್ ಮಾಡಿದ ಸರಕಿನ ಮೇಲೆ ತಯಾರಕರ ಹೆಸರು–ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು–ವರ್ಷ, ಎಂಆರ್‌ಪಿ, ದೂರು ಹೇಳಲು ಫೋನ್ ಅಥವಾ ಇಮೇಲ್ ಇರಬೇಕು. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. ಅಂಗಡಿಯಲ್ಲಿ ‘ಕೂಲಿಂಗ್ ಚಾರ್ಜ್’ ಎಂದು ತಂಪು ಪಾನೀಯಕ್ಕೆ ಐದು ರೂಪಾಯಿ ಜಾಸ್ತಿ ಕೇಳುವಂತಿಲ್ಲ.

ಹೋಟೆಲಿನಲ್ಲಿ ಕೂತು ಕುಡಿದ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಿದರು ಎಂದು ಜಗಳಕ್ಕೆ ಹೋಗಬೇಡಿ. ಅಲ್ಲಿ ಸೇವೆಯೂ ಸೇರಿರುತ್ತದೆ, ಹಾಗಾಗಿ ಜಾಸ್ತಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಬಿಲ್ಲಿನ ಕೆಳಗೆ ತಾನಾಗಿಯೇ ಸೇರಿಕೊಳ್ಳುವ ‘ಸರ್ವಿಸ್ ಚಾರ್ಜ್’ ಬೇರೆ ವಿಷಯ. ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತ್ತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. “ಇದನ್ನು ತೆಗೆಯಿರಿ” ಎಂದು ಮ್ಯಾನೇಜರ್‌ಗೆ ನೆಮ್ಮದಿಯಿಂದ ಹೇಳಿ, ಸಾಮಾನ್ಯವಾಗಿ ಮರುಮಾತಿಲ್ಲದೆ ತೆಗೆಯುತ್ತಾರೆ.

ಸ್ವೀಟ್ ಅಂಗಡಿಯಲ್ಲಿ ತಕ್ಕಡಿಯ ಮೇಲೆ ಕಣ್ಣಿಡಿ. ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿದ ಮೇಲೆ ಮೈಸೂರು ಪಾಕ್ ಹಾಕಬೇಕು. ಡಬ್ಬಿಯನ್ನೂ ಸೇರಿಸಿ ತೂಗಿದರೆ ರಟ್ಟಿಗೂ ಸಿಹಿತಿಂಡಿಯ ಬೆಲೆ ಕೊಟ್ಟಂತೆ. ತೂಕ–ಅಳತೆಯ ದೂರೆಲ್ಲ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗುತ್ತದೆ, ಅದಕ್ಕೆ ಆಯೋಗದವರೆಗೆ ಅಲೆಯಬೇಕಿಲ್ಲ. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ತರಿಸಿ ಅಳೆದು ತೋರಿಸಿ ಎನ್ನಬಹುದು.

ಚಿನ್ನದ ಹಾಲ್‌ಮಾರ್ಕ್‌ನಲ್ಲಿ ಈಗ ಮೂರು ಗುರುತು ಇರಬೇಕು: ಬಿಐಎಸ್ ಲಾಂಛನ, ಶುದ್ಧತೆ (22 ಕ್ಯಾರೆಟ್ ಆದರೆ 916), ಮತ್ತು ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯಲ್ಲಿ ಈ ಎಚ್‌ಯುಐಡಿ ಕಡ್ಡಾಯ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧತೆ ಎಂದು ತೋರಿಸುತ್ತದೆ. ನೀವು ಕೊಂಡಿದ್ದು ಬಳೆ, ಆ್ಯಪ್ ತೋರಿಸುವುದು ಉಂಗುರ ಎಂದಾದರೆ ದುಡ್ಡು ಕೊಡುವ ಮೊದಲೇ ಎದ್ದು ಬನ್ನಿ.

ಹಂತ 3: ತಪ್ಪು ಯಾವ ಜಾತಿಯದು ಎಂದು ತಿಳಿದುಕೊಳ್ಳಿ

ಕಾನೂನಿನಲ್ಲಿ ಮೂರು ಪದ ಮುಖ್ಯ. ವಸ್ತುವೇ ಸರಿಯಿಲ್ಲದಿದ್ದರೆ ಅದು ದೋಷ. ಸೇವೆ ಹೇಳಿದ ಹಾಗೆ ಸಿಗದಿದ್ದರೆ ಸೇವಾ ನ್ಯೂನತೆ, ಸರಳವಾಗಿ ಹೇಳಿದರೆ ಕೆಲಸದಲ್ಲಿ ಕೊರತೆ. ಸುಳ್ಳು ಜಾಹೀರಾತು, ಬಿಲ್ ಕೊಡದಿರುವುದು, ಕೆಟ್ಟ ಮಾಲು ವಾಪಸ್ ತೆಗೆದುಕೊಳ್ಳದಿರುವುದು, ಇವು ಅನುಚಿತ ವ್ಯಾಪಾರ ಪದ್ಧತಿ. ದೂರಿನಲ್ಲಿ ಇವುಗಳಲ್ಲಿ ಯಾವುದು ಎಂದು ಬರೆದರೆ ಓದುವವರಿಗೆ ವಿಷಯ ತಕ್ಷಣ ತಿಳಿಯುತ್ತದೆ.

‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡ್ ನೋಡಿ ಅರ್ಧ ಜನ ಸುಮ್ನೆ ಮನೆಗೆ ಬರುತ್ತಾರೆ. ದೋಷ ಇರುವ ಮಾಲಿಗೆ ಆ ಬೋರ್ಡ್ ಲೆಕ್ಕಕ್ಕಿಲ್ಲ. ಬಿಲ್ಲಿನಲ್ಲಿ ವಾಪಸಾತಿಯ ಅವಧಿ ಬರೆದಿದ್ದರೆ ಅದರೊಳಗೆ, ಏನೂ ಬರೆಯದಿದ್ದರೆ 30 ದಿನದೊಳಗೆ, ಕೆಟ್ಟ ಮಾಲು ವಾಪಸ್ ಪಡೆದು ದುಡ್ಡು ಕೊಡದಿರುವುದು ಅನುಚಿತ ಪದ್ಧತಿ ಎಂದೇ ಕಾಯ್ದೆ ಹೇಳುತ್ತದೆ.

ಸೀರೆಯ ಬಣ್ಣ ಮನೆಗೆ ಬಂದ ಮೇಲೆ ಇಷ್ಟವಾಗಲಿಲ್ಲ ಅಂದರೆ? ಅದು ದೋಷ ಅಲ್ಲ. ಅಂಗಡಿಯವರು ಬದಲಾಯಿಸಿ ಕೊಟ್ಟರೆ ಅದು ಅವರ ಒಳ್ಳೆಯತನ, ನಿಮ್ಮ ಹಕ್ಕಲ್ಲ. ಒಂದು ಕಡೆಯವರಿಗೆ ಮಾತ್ರ ನಿಯತ್ತು ಇದ್ದರೆ ವ್ಯಾಪಾರ ನಡೆಯುವುದಿಲ್ಲ. ಮದುವೆಗೆ ಒಮ್ಮೆ ಉಟ್ಟು, ಟ್ಯಾಗ್ ಮತ್ತೆ ಸಿಕ್ಕಿಸಿ ವಾಪಸ್ ಕೊಡುವವರು, ಮೊಬೈಲ್ ನೀರಿಗೆ ಬೀಳಿಸಿ “ತಾನಾಗೇ ಆಫ್ ಆಯ್ತು” ಎನ್ನುವವರು, “ಡಿಸ್ಕೌಂಟ್ ಕೊಡದಿದ್ದರೆ ಒಂದು ಸ್ಟಾರ್ ಹಾಕ್ತೀನಿ” ಎಂದು ಹೆದರಿಸುವವರು, ಇವರಿಂದ ಕೆಡುವುದು ಆಮೇಲೆ ಬರುವ ಪ್ರಾಮಾಣಿಕ ಗ್ರಾಹಕರ ಕೆಲಸ.

ಆನ್‌ಲೈನಿನಲ್ಲಿ ಕೊಂಡಿದ್ದರೆ

ಆರ್ಡರ್ ಮಾಡುವಾಗಲೇ ವಸ್ತುವಿನ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ‘10 ದಿನದ ರಿಟರ್ನ್’ ಎಂಬ ಸಾಲು ನಾಳೆ ಅದೇ ಪುಟದಲ್ಲಿ ಇರುತ್ತದೆ ಎಂದು ನಂಬಬೇಡಿ. ಬೆಲೆಬಾಳುವ ವಸ್ತುವಾದರೆ ಪಾರ್ಸೆಲ್ ಬಿಚ್ಚುವಾಗ ವಿಳಾಸದ ಚೀಟಿ ಕಾಣುವ ಹಾಗೆ, ನಡುವೆ ಎಲ್ಲೂ ನಿಲ್ಲಿಸದೆ ವಿಡಿಯೊ ಮಾಡಿ. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ. ಆದರೆ ಡಬ್ಬಿಯಲ್ಲಿ ಮೊಬೈಲ್ ಬದಲು ಸೋಪು ಬಂದಾಗ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಜಾಲತಾಣಗಳು ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ಪ್ರಕಟಿಸಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಚಾಟ್‌ನಲ್ಲಿ ಯಂತ್ರದ ಜೊತೆ ಗುದ್ದಾಡಿ ಸುಸ್ತಾಗುವ ಬದಲು ನೇರ ಈ ಅಧಿಕಾರಿಗೆ ಇಮೇಲ್ ಹಾಕಿ. ಆ ಇಮೇಲ್ ವಿಳಾಸ ಸಾಮಾನ್ಯವಾಗಿ ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ.

2023ರ ನವೆಂಬರ್ 30ರಿಂದ ‘ಡಾರ್ಕ್ ಪ್ಯಾಟರ್ನ್’ಗಳಿಗೆ, ಅಂದರೆ ಪರದೆಯ ಮೇಲೆ ಗ್ರಾಹಕರನ್ನು ದಾರಿ ತಪ್ಪಿಸುವ ಚಾಲಾಕಿಗಳಿಗೆ, ನಿಷೇಧ ಇದೆ. 13 ಬಗೆಯನ್ನು ಪಟ್ಟಿ ಮಾಡಿದ್ದಾರೆ. ನಿಮಗೆ ಕೇಳದೆ ಕಾರ್ಟ್‌ಗೆ ವಿಮೆಯನ್ನೋ ದೇಣಿಗೆಯನ್ನೋ ಸೇರಿಸುವುದು, ‘ಇನ್ನೆರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೊನೆಯ ಪುಟದಲ್ಲಿ ಹೊಸ ಶುಲ್ಕ ತೋರಿಸುವುದು, ಚಂದಾ ರದ್ದು ಮಾಡುವ ಗುಂಡಿಯನ್ನು ಅಡಗಿಸಿಡುವುದು ಇವೆಲ್ಲ ಅದರಲ್ಲಿವೆ. ಕಂಡ ತಕ್ಷಣ ಸ್ಕ್ರೀನ್‌ಶಾಟ್ ತೆಗೆದಿಡಿ.

ಹಂತ 4: ಅಂಗಡಿಗೆ ಬರಹದಲ್ಲಿ ಹೇಳಿ

ಮೊದಲು ಹೋಗಿ ಮಾತಾಡಿ, ಅದು ಸರಿ. ಆದರೆ ಮಾತಾಡಿ ಬಂದ ಸಂಜೆಯೇ ಒಂದು ವಾಟ್ಸ್‌ಆ್ಯಪ್ ಸಂದೇಶ ಅಥವಾ ಇಮೇಲ್ ಹಾಕಿ: “ಇವತ್ತು ಅಂಗಡಿಗೆ ಬಂದಿದ್ದೆ. ಗ್ರೈಂಡರ್ ತಿರುಗುತ್ತಿಲ್ಲ ಎಂದು ತೋರಿಸಿದೆ. ಸೋಮವಾರದೊಳಗೆ ಸರಿ ಮಾಡಿಸುತ್ತೇವೆ ಎಂದಿರಿ.” ಇಷ್ಟೇ ಸಾಕು. ಫೋನಿನಲ್ಲಿ ಆಡಿದ ಮಾತಿಗೆ ಇದು ಲೆಕ್ಕ ಇಟ್ಟಂತೆ.

ಸರ್ವಿಸ್ ಸೆಂಟರಿಗೆ ಕೊಟ್ಟರೆ ಜಾಬ್ ಶೀಟ್ ಇಲ್ಲದೆ ವಸ್ತು ಬಿಟ್ಟು ಬರಬೇಡಿ. ಅದರಲ್ಲಿ ಏನು ಬರೆಯುತ್ತಾರೆ ಎಂದು ಓದಿ. ಮೋಟಾರ್ ನಿಂತಿದೆ ಎಂದು ನೀವು ಹೇಳಿದ್ದನ್ನು ಅವರು ‘ಜನರಲ್ ಚೆಕಪ್’ ಎಂದು ಬರೆದಿರುತ್ತಾರೆ. ಮುಂದೆ “ಒಮ್ಮೆಯೂ ಈ ದೂರು ಬಂದಿಲ್ಲ” ಎನ್ನಲು ದಾರಿ ಆಗುವುದು ಅದೇ. ತಿದ್ದಿಸಿ, ಆಮೇಲೆ ಸಹಿ ಹಾಕಿ. ಗೀರು, ಒಡಕು ಇಲ್ಲದಿದ್ದರೆ ಕೊಡುವ ಮೊದಲು ನಾಲ್ಕೂ ಬದಿ ಫೋಟೊ ತೆಗೆಯಿರಿ. ರಿಪೇರಿ ಮಾಡಿ ಕೊಟ್ಟಾಗಲೂ ಚೀಟಿ ತೆಗೆದುಕೊಳ್ಳಿ. ಒಂದೇ ದೋಷಕ್ಕೆ ಮೂರು ಜಾಬ್ ಶೀಟ್ ಇದ್ದರೆ ವಾದ ಮಾಡುವ ಅಗತ್ಯವೇ ಕಡಿಮೆ.

ಅಂಗಡಿ ನಡೆಸುವವರಿಗೆ

ನಿಮ್ಮಲ್ಲಿ ಹಲವರು “ಗ್ರಾಹಕರ ಕಾಯ್ದೆ ಅಂದರೆ ನಮ್ಮ ಮೇಲೆ ಕೇಸು ಹಾಕುವ ಕಾಯ್ದೆ” ಎಂದುಕೊಂಡಿದ್ದೀರಿ. ಹೆಚ್ಚಿನ ದೂರು ಹುಟ್ಟುವುದು ಮಾಲು ಕೆಟ್ಟಿದ್ದಕ್ಕಲ್ಲ, ಕೆಟ್ಟ ಮೇಲೆ ಅಲೆದಾಡಿಸಿದ್ದಕ್ಕೆ. ವಾಪಸಾತಿಯ ಷರತ್ತನ್ನು ಬಿಲ್ಲಿನ ಹಿಂದೆ ಚಿಕ್ಕ ಇಂಗ್ಲಿಷಿನಲ್ಲಿ ಅಲ್ಲ, ಕೌಂಟರಿನ ಎದುರು ಕನ್ನಡದಲ್ಲಿ ಬರೆದು ಹಾಕಿ. ಎಷ್ಟು ದಿನ, ದುಡ್ಡು ವಾಪಸ್ಸಾ ಬದಲಿ ವಸ್ತುವಾ, ಯಾವ ವಸ್ತುವಿಗೆ ಇಲ್ಲ, ಇಷ್ಟು ಇದ್ದರೆ ಆಯಿತು. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸಿ, ಪ್ರಮಾಣಪತ್ರ ಕಾಣುವಂತೆ ಅಂಟಿಸಿ. ದೂರು ಬಂದರೆ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ. ಗ್ರಾಹಕ ಸುಳ್ಳು ಹೇಳಿದರೆ ನಿಮ್ಮನ್ನು ಕಾಯುವುದೂ ಆ ಪುಸ್ತಕವೇ. ಗ್ರಾಹಕರ ವೇಷದಲ್ಲಿ ನಿಮ್ಮ ಅಂಗಡಿಗೆ ನೀವೇ ಐದು ಸ್ಟಾರ್ ಕೊಟ್ಟುಕೊಳ್ಳಬೇಡಿ. ಆನ್‌ಲೈನ್ ವೇದಿಕೆಯ ಮೂಲಕ ಮಾರುವವರಿಗೆ ಇ–ಕಾಮರ್ಸ್ ನಿಯಮದಲ್ಲೇ ಇದಕ್ಕೆ ತಡೆ ಇದೆ.

ನೋಟಿಸ್ ಬಂದರೆ ಹರಿದು ಬಿಸಾಡಬೇಡಿ, ಉತ್ತರ ಕೊಡಿ. ಆಯೋಗದ ನೋಟಿಸ್ ಆದರೆ ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಒಟ್ಟು 45 ದಿನದ ಮೇಲೆ ಒಂದು ದಿನವೂ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ.

ಹಂತ 5: 1915ಕ್ಕೆ ಕರೆ ಮಾಡಿ

ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಕರೆ ಉಚಿತ. ವಾಟ್ಸ್‌ಆ್ಯಪ್ ಸಂಖ್ಯೆ 88000 01915. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ದೊಡ್ಡ ಕಂಪನಿ, ಆನ್‌ಲೈನ್ ಮಾರಾಟಗಾರರ ವಿಷಯದಲ್ಲಿ ಎಷ್ಟೋ ಸಲ ಇಲ್ಲೇ ಮುಗಿದುಹೋಗುತ್ತದೆ. ಮೂಲೆಯ ಅಂಗಡಿಯ ವಿಷಯದಲ್ಲಿ ಇದರಿಂದ ಜಾಸ್ತಿ ನಿರೀಕ್ಷೆ ಬೇಡ, ಏಕೆಂದರೆ ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರ ಇಲ್ಲ. ಕೊಟ್ಟ ದೂರಿನ ಸಂಖ್ಯೆ ಮಾತ್ರ ಜೋಪಾನವಾಗಿಡಿ.

ಹಂತ 6: ನೋಟಿಸ್ ಕಳಿಸಿ

ವಕೀಲರ ಲೆಟರ್‌ಹೆಡ್ ಬೇಕಿಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ನೀವೇ ಬರೆಯಬಹುದು. ಕೋಪ, ಬೈಗುಳ, ‘ನಿಮ್ಮಂಥವರಿಂದ ದೇಶ ಹಾಳಾಯ್ತು’ ಇದ್ಯಾವುದೂ ಬೇಡ. ಉದಾಹರಣೆಗೆ ಹೀಗೆ:

> ವಿಷಯ: ಬಿಲ್ ಸಂಖ್ಯೆ 1147ರ ವೆಟ್ ಗ್ರೈಂಡರ್ ದೋಷದ ಬಗ್ಗೆ.
>
> ನಿಮ್ಮ ಅಂಗಡಿಯಲ್ಲಿ ಜನವರಿ 10ರಂದು 6,800 ರೂಪಾಯಿ ಕೊಟ್ಟು ಗ್ರೈಂಡರ್ ಕೊಂಡಿದ್ದೇನೆ. ಜನವರಿ 24ರಂದು ಮೋಟಾರ್ ನಿಂತಿತು. ಮರುದಿನ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಟ್ಟೆ. ಫೆಬ್ರವರಿ 3ರಂದು ರಿಪೇರಿಯಾಗಿ ಬಂತು. ಫೆಬ್ರವರಿ 6ರಂದು ಅದೇ ದೋಷ ಮತ್ತೆ ಬಂದಿದೆ. ಬಿಲ್, ವಾರಂಟಿ ಕಾರ್ಡ್, ಎರಡು ಜಾಬ್ ಶೀಟ್‌ಗಳ ಪ್ರತಿ ಲಗತ್ತಿಸಿದ್ದೇನೆ.
>
> ಈ ಪತ್ರ ತಲುಪಿದ 15 ದಿನದೊಳಗೆ ಹೊಸ ಗ್ರೈಂಡರ್ ಕೊಡಿ, ಇಲ್ಲವೇ 6,800 ರೂಪಾಯಿ ವಾಪಸ್ ಮಾಡಿ. ತಪ್ಪಿದರೆ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಕೆಳಗೆ ಹೆಸರು, ವಿಳಾಸ, ಫೋನ್, ಸಹಿ. ಅಂಗಡಿಗೊಂದು, ತಯಾರಿಕಾ ಕಂಪನಿಗೊಂದು ಪ್ರತಿ ಕಳಿಸಿ. ಒಬ್ಬರ ಮೇಲೊಬ್ಬರು ಹಾಕಿ ಕಾಗೆ ಹಾರಿಸಲು ಆಗ ಜಾಗ ಇರುವುದಿಲ್ಲ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ‘ಡೆಲಿವರ್ಡ್’ ಎಂದು ತೋರಿಸುವ ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆದಿಡಿ, ಅದೂ ದಾಖಲೆ.

ಜನ ಜಾಸ್ತಿ ಕಾಲ ಕಳೆಯುವುದು ಇಲ್ಲೇ. “ನೋಡೋಣ, ಮಾತಾಡೋಣ, ಮುಂದಿನ ತಿಂಗಳು ಬನ್ನಿ” ಎಂದು ಮೂಗಿಗೆ ತುಪ್ಪ ಸವರುತ್ತಾರೆ. ದೂರು ಕೊಡಲು ಇರುವುದು ತೊಂದರೆ ಶುರುವಾದ ದಿನದಿಂದ 2 ವರ್ಷ. ಪತ್ರ ಬರೆಯುತ್ತಾ ಇದ್ದರೆ ಆ ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ತಡವಾದರೆ ತಕ್ಕ ಕಾರಣ ತೋರಿಸಿ ಆಯೋಗದ ಮನವೊಲಿಸಬೇಕಾಗುತ್ತದೆ.

ಹಂತ 7: ಜಿಲ್ಲಾ ಆಯೋಗಕ್ಕೆ ದೂರು

ಪೂರ್ತಿ ಹೆಸರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಬಾಯಿ ಮಾತಿನಲ್ಲಿ ಇನ್ನೂ ‘ಕನ್ಸ್ಯೂಮರ್ ಕೋರ್ಟ್’. ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಒಂದು ದೊಡ್ಡ ಅನುಕೂಲ ಆಗಿದೆ: ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಮುಂಬೈನಲ್ಲಿದ್ದರೂ ಕೊಪ್ಪಳದವರು ಕೊಪ್ಪಳದಲ್ಲೇ ಕೊಡಬಹುದು.

ಎಲ್ಲಿಗೆ ಎನ್ನುವುದು ನೀವು ಕೊಟ್ಟ ದುಡ್ಡಿನ ಮೇಲೆ ನಿಲ್ಲುತ್ತದೆ. ಕೇಳುವ ಪರಿಹಾರದ ಮೇಲೆ ಅಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ಬೆಂಗಳೂರಿನ ರಾಜ್ಯ ಆಯೋಗ, ಅದರ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷಕ್ಕೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000.

ಆನ್‌ಲೈನ್ ಆದರೆ ‘ಇ–ಜಾಗೃತಿ’ ಪೋರ್ಟಲ್. ಹಿಂದೆ ಇದ್ದ ‘ಇ–ದಾಖಿಲ್’ ಜಾಗಕ್ಕೆ 2025ರ ಜನವರಿಯಿಂದ ಇದು ಬಂದಿದೆ. ನೇರವಾಗಿ ಕಚೇರಿಗೂ ಹೋಗಿ ಕೊಡಬಹುದು. ವಕೀಲರು ಇರಲೇಬೇಕು ಎಂದೇನಿಲ್ಲ.

ದೂರಿನ ಕಟ್ಟಿನಲ್ಲಿ ಇವು ಇರಬೇಕು:

1. ದಿನಾಂಕಗಳ ಪಟ್ಟಿ, ಒಂದೇ ಪುಟದಲ್ಲಿ.
2. ದೂರು: ನೀವು ಯಾರು, ಎದುರುದಾರರು ಯಾರು, ಏನಾಯಿತು, ಯಾಕೆ ಈ ಆಯೋಗ, 2 ವರ್ಷದೊಳಗೆ ಇದೆ ಎಂಬ ಮಾತು, ಕೊನೆಗೆ ಏನು ಬೇಕು.
3. ಇದೆಲ್ಲ ನಿಜ ಎಂದು ಪ್ರಮಾಣ ಮಾಡಿದ ಅಫಿಡವಿಟ್.
4. ಬಿಲ್, ವಾರಂಟಿ, ಜಾಬ್ ಶೀಟ್, ನೋಟಿಸ್, ಅಂಚೆ ರಸೀದಿ, ಎಲ್ಲಕ್ಕೂ ಪುಟ ಸಂಖ್ಯೆ ಹಾಕಿ.

ವಾಟ್ಸ್‌ಆ್ಯಪ್, ವಿಡಿಯೊ, ಸ್ಕ್ರೀನ್‌ಶಾಟ್ ಕೊಡುವುದಾದರೆ ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಸೇರಿಸಿ. ಇದು ಯಾವ ಫೋನಿನಿಂದ ತೆಗೆದದ್ದು, ತಿದ್ದಿಲ್ಲ ಎಂದು ಹೇಳುವ ಕಾಗದ. ಇದು ಇಲ್ಲ ಎಂದು ಎದುರಿನ ವಕೀಲರು ತಕರಾರು ಎತ್ತುವುದು ಮಾಮೂಲಿ.

‘ಏನು ಬೇಕು’ ಎಂಬ ಭಾಗದಲ್ಲಿ ಅತಿ ಮಾಡಬೇಡಿ. 6,800ರ ಗ್ರೈಂಡರಿಗೆ 5 ಲಕ್ಷ ಮಾನಸಿಕ ಹಿಂಸೆ ಎಂದು ಬರೆದರೆ ನಿಮ್ಮ ಮಾತಿನ ತೂಕವೇ ಇಳಿಯುತ್ತದೆ. ಕೊಟ್ಟ ದುಡ್ಡು, ಬಡ್ಡಿ, ಓಡಾಟದ ಖರ್ಚು, ಒಂದು ಹದವಾದ ಪರಿಹಾರ, ದಾವೆ ಖರ್ಚು ಎಂದು ಬಿಡಿಸಿ ಬರೆಯಿರಿ. ಬರೆಯದೆ ಬಿಟ್ಟದ್ದು ಸಿಗುವುದು ಕಷ್ಟ, ಅದನ್ನೂ ನೆನಪಿಡಿ.

ಲಕ್ಷಗಟ್ಟಲೆ ದುಡ್ಡು, ವೈದ್ಯಕೀಯ ನಿರ್ಲಕ್ಷ್ಯ, ತಜ್ಞರ ವರದಿ ಬೇಕಾದ ವಿಷಯ ಆದರೆ ವಕೀಲರನ್ನು ಇಟ್ಟುಕೊಳ್ಳುವುದೇ ಜಾಣತನ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಹಂತ 8: ವಿಚಾರಣೆ, ಆದೇಶ, ವಸೂಲಿ

ದೂರು ಸ್ವೀಕರಿಸಬೇಕೋ ಬೇಡವೋ ಎಂದು ಆಯೋಗ ಸಾಮಾನ್ಯವಾಗಿ 21 ದಿನದಲ್ಲಿ ತೀರ್ಮಾನಿಸಬೇಕು. ನಿಮ್ಮ ಮಾತು ಕೇಳದೆ ತಳ್ಳಿಹಾಕುವಂತಿಲ್ಲ. ಎರಡೂ ಕಡೆ ಒಪ್ಪಿದರೆ ಮಧ್ಯಸ್ಥಿಕೆಗೆ ಕಳಿಸುತ್ತಾರೆ. ಸಣ್ಣ ಮೊತ್ತವಾದರೆ ನನ್ನ ಸಲಹೆ: ಒಪ್ಪಿಕೊಳ್ಳಿ. ಬೇಗ ಮುಗಿಯುತ್ತದೆ, ಅದೇ ಊರಿನ ಅಂಗಡಿಯವರ ಮುಖ ನೋಡುವುದೂ ತಪ್ಪುವುದಿಲ್ಲವಲ್ಲ.

ಎದುರುದಾರರಿಗೆ ನೋಟಿಸ್ ತಲುಪಿದ ಮೇಲೆ 3 ತಿಂಗಳಲ್ಲಿ, ವಸ್ತುವನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕಾದರೆ 5 ತಿಂಗಳಲ್ಲಿ ಮುಗಿಸಲು ನೋಡಬೇಕು ಎಂದು ಕಾಯ್ದೆಯಲ್ಲಿದೆ. ವಾಸ್ತವದಲ್ಲಿ ಜಾಸ್ತಿ ಹಿಡಿಯುತ್ತದೆ, ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ತಾರೀಕಿಗೆ ತಪ್ಪಿಸಿಕೊಳ್ಳಬೇಡಿ. ಗೈರಾದರೆ ದೂರು ವಜಾ ಆಗಬಹುದು. ದೂರದಲ್ಲಿದ್ದರೆ ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಹಾಕಬಹುದು. ಕೆಟ್ಟ ವಸ್ತುವನ್ನು ತೀರ್ಪು ಬರುವವರೆಗೆ ಗುಜರಿಗೆ ಹಾಕಬೇಡಿ, ಬೇರೆ ಮೆಕ್ಯಾನಿಕ್ ಕೈಲಿ ಬಿಚ್ಚಿಸಲೂ ಬೇಡಿ.

ಆದೇಶ ನಿಮ್ಮ ಕಡೆ ಬಂದರೆ ಎದುರಿನವರಿಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಲು 45 ದಿನ ಇದೆ. ಹಾಕಬೇಕಾದರೆ ಆದೇಶದ ಮೊತ್ತದ ಅರ್ಧ ಠೇವಣಿ ಇಡಬೇಕು. ಹಾಗಾಗಿ ಸುಮ್ನೆ ಸತಾಯಿಸಲು ಮೇಲ್ಮನವಿ ಹಾಕುವವರು ಕಡಿಮೆ. ನೀವು ಸೋತರೂ ಅದೇ 45 ದಿನ ನಿಮಗೂ ಇದೆ.

ದುಡ್ಡು ಕೊಡದೆ ಸುಮ್ಮನಿದ್ದರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಸಿವಿಲ್ ಕೋರ್ಟಿನ ಡಿಕ್ರಿಯಂತೆ ಆಸ್ತಿ ಜಪ್ತಿ ಮಾಡಿ ವಸೂಲಿ ಮಾಡಿಸಬಹುದು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25,000ದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ ವಿಧಿಸಲು ಆಯೋಗಕ್ಕೆ ಅಧಿಕಾರ ಇದೆ. ಈ ಅರ್ಜಿಯ ನೋಟಿಸ್ ಹೋದ ಮೇಲೆ ಎದುರಿನವರೇ ಫೋನ್ ಮಾಡಿ “ಅಕೌಂಟ್ ನಂಬರ್ ಕಳಿಸಿ” ಎನ್ನುವುದೂ ಉಂಟು. ಅಸಲು, ಬಡ್ಡಿ, ಖರ್ಚು ಎಲ್ಲ ಸೇರಿ ಆದೇಶದಲ್ಲಿ ಇದ್ದಷ್ಟೂ ಖಾತೆಗೆ ಬಂದಿದೆಯೇ ಎಂದು ಲೆಕ್ಕ ಹಾಕಿ ನೋಡಿ. ಅಲ್ಲಿಯವರೆಗೆ ‘ಪೂರ್ತಿ ಸಂದಾಯವಾಗಿದೆ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ.